ಕಾಶವ್ವ ಎಂಬ ಗುಂಪು

ಮಂಗಳವಾರ ಬೆಳಿಗ್ಗೆ ನಾನು ನಿಯಂತ್ರಣ ಕೊಠಡಿಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ದಫೇದಾರ ದೂರು ಶುರುಮಾಡಿದ. ಕಾಶವ್ವ ಗುಳೇದ ಎಂಬ ಎಂಬತ್ತೆರಡು ವರ್ಷದ ಹೆಂಗಸು ಹಿಂದಿನ ದಿನ ಒಂದೇ ಹೊತ್ತಿಗೆ ಹದಿನಾಲ್ಕು ಮಗ್ಗಗಳಲ್ಲಿ ಸೀರೆ ನೇಯ್ದಿದ್ದಾಳೆ, ಮೂವತ್ತೊಂದು ಸಲ ಸ್ನಾನ ಮಾಡಿದ್ದಾಳೆ, ಹತ್ತನೆಯ ತರಗತಿಯ ಗಣಿತ ಪರೀಕ್ಷೆ ಬರೆದು ಐದನೆಯ ಸಲ ನಪಾಸಾಗಿದ್ದಾಳೆ, ಮತ್ತು ದವಾಖಾನೆಯ ದಾಖಲೆಯ ಪ್ರಕಾರ ಏಳು ತಿಂಗಳ ಬಸುರಿ.

"ಇದು ಒಬ್ಬ ವ್ಯಕ್ತಿಗೆ ಸಾಧ್ಯವಿಲ್ಲ" ಎಂದ ದಫೇದಾರ.

"ಗಟ್ಟಿ ಹೆಂಗಸು ಬಿಡು" ಎಂದೆ ನಾನು. ದಫೇದಾರನಿಗೆ ತಮಾಷೆ ತಿಳಿಯುವುದಿಲ್ಲ. ಅವನು ಮನುಷ್ಯನಲ್ಲ, ನಮ್ಮ ಊರಿನ ಜಾಲವನ್ನು ಕಾಯುವುದಕ್ಕೆಂದು ಎರಡು ತಿಂಗಳ ಹಿಂದೆ ಮೇಲಿನವರು ಕಳಿಸಿಕೊಟ್ಟ ತಂತ್ರಾಂಶ. ಅವನು ಬರುವ ಮೊದಲು ಆ ಕೆಲಸವನ್ನೆಲ್ಲ ನಾನೊಬ್ಬಳೇ ಮಾಡುತ್ತಿದ್ದೆ. ಹೇಗೆ ಮಾಡುತ್ತಿದ್ದೆ ಎಂಬುದು ಈಗ ಹೊರಬೀಳುತ್ತಿತ್ತು.

ನಮ್ಮದು ತೇಲೂರು. ಕೃಷ್ಣೆಯ ಹಿನ್ನೀರಿನ ಮೇಲೆ ಸೌರಫಲಕಗಳ ಜೊತೆಗೇ ತೇಲುವ ಊರು. ನೀರು ಏರಿದಾಗ ಇಳಿದಾಗ ಮನೆಗಳ ಸಾಲನ್ನು ಬಿಚ್ಚಿ ಬೇರೆ ಕಡೆ ಕಟ್ಟುತ್ತಾರೆ. ಹೋದ ತಿಂಗಳು ನೀವು ಮಲಗಿದ್ದ ಮನೆ ಈ ತಿಂಗಳು ಆಚೆ ದಂಡೆಯಲ್ಲಿರಬಹುದು. ಹಾಗಾಗಿ ಇಲ್ಲಿ ಮನೆ ಯಾರ ಸ್ವಂತದ್ದೂ ಅಲ್ಲ. ಖಾಲಿ ಇರುವ ಯಾವ ಬಾಗಿಲು ತಟ್ಟಿ ಒಳಗೆ ಹೋದರೂ ಅದು ನಿಮ್ಮ ಮನೆಯಾಗಿಬಿಡುತ್ತದೆ. ಫ್ಯಾನು ನಿಮಗೆ ಬೇಕಾದಷ್ಟೇ ತಿರುಗುತ್ತದೆ, ಒಲೆಗೆ ನಿಮ್ಮ ರೊಟ್ಟಿಯ ಹದ ಗೊತ್ತಿರುತ್ತದೆ, ದೇವರ ದೀಪ ನಿಮ್ಮ ಹೊತ್ತಿಗೆ ಹತ್ತುತ್ತದೆ. ಇದನ್ನೆಲ್ಲ ನೆನಪಿಟ್ಟುಕೊಂಡು ನಿಮ್ಮ ಹಿಂದೆ ಹಿಂದೆ ಬರುವುದಕ್ಕೆ ಪ್ರೊಫೈಲ್ ಎನ್ನುತ್ತೇವೆ. ಮನುಷ್ಯರಿಗಷ್ಟೇ ಅಲ್ಲ, ಬಾಗಿಲು, ಒಲೆ, ಮಗ್ಗ ಎಲ್ಲಕ್ಕೂ ಜಾಲದಲ್ಲಿ ಒಂದೊಂದು ಖಾತೆ ಇದೆ. ಯಾರು ಯಾವುದನ್ನು ಮುಟ್ಟಬಹುದು, ಯಾರು ಯಾವ ಗುಂಪಿನವರು ಎಂದು ಬರೆದಿಟ್ಟ ಆ ಇಡೀ ವ್ಯವಸ್ಥೆಯೇ ಡೊಮೈನ್. ಇಪ್ಪತ್ತೆರಡು ವರ್ಷಗಳಿಂದ ಅದರ ಉಸ್ತುವಾರಿ ಸರೋಜಿನಿ ಹಾದಿಮನಿ, ಅಂದರೆ ನಾನು.

ಗುರುತಿಗೆ ಬೆರಳಚ್ಚು ಇಡೋಣವೆಂದರೆ ತೇಲೂರಿಗೆ ಬಂದವರಲ್ಲಿ ಅರ್ಧ ಜನ ಇಳಕಲ್ ಕಡೆಯ ನೇಕಾರರು. ಅವರ ಬೆರಳಿನ ಗೆರೆಗಳನ್ನು ನೂಲು ಎಂದೋ ಸವೆಸಿಬಿಟ್ಟಿತ್ತು. ಅದಕ್ಕೆ ನಾವು ಬಡಿತವನ್ನು ಇಟ್ಟುಕೊಂಡೆವು. ಪ್ರತಿ ಬಾಗಿಲಿಗೂ ಪ್ರತಿ ಯಂತ್ರಕ್ಕೂ ಅಂಗೈಯಗಲದ ಒಂದು ಹಲಗೆ. ನಿಮ್ಮದೇ ಲಯದಲ್ಲಿ ನೀವು ಅದರ ಮೇಲೆ ತಟ್ಟಬೇಕು. ಹಲಗೆ ತಟ್ಟಿನ ನಡುವಿನ ಬಿಡುವನ್ನು ಅಳೆದು ನೀವು ಯಾರೆಂದು ತಿಳಿಯುತ್ತದೆ.

"ಖಾತೆ ಕಳುವಾಗಿದೆ" ಎಂದ ದಫೇದಾರ. "ನಿಯಮದಂತೆ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕಾಶವ್ವ ಗುಳೇದ ಅವರ ಖಾತೆಯನ್ನೂ ಪ್ರೊಫೈಲನ್ನೂ ಅಳಿಸಲಾಗುವುದು. ಇನ್ನೊಂದು ದೂರು ಇದೆ."

"ಅದೂ ಹೇಳು."

"ಸರೋಜಿನಿ ಹಾದಿಮನಿ. ನಿನ್ನೆ ನಾಲ್ಕು ಗಂಟೆಗೆ ನಿಯಂತ್ರಣ ಕೊಠಡಿಯಲ್ಲಿ ಕುಳಿತಿರುವಾಗಲೇ ಮನೆಯಲ್ಲಿ ಮಿರ್ಚಿ ಭಜಿ ಕರಿದಿದ್ದಾರೆ."

ಅದನ್ನು ಸಂಜೆ ವಿಚಾರಿಸಿಕೊಳ್ಳೋಣವೆಂದು ಮೊದಲು ಮಗ್ಗದ ಸಾಲಿಗೆ ಹೊರಟೆ.

ಮಗ್ಗದ ಸಾಲಿನಲ್ಲಿ ಮೂವತ್ತೆಂಟು ಜನ ಇದ್ದಾರೆ. ನಾನು ಕಾಲಿಟ್ಟಾಗ ಒಬ್ಬಳು ನೀರಿನ ಕೋಣೆಯ ಹಲಗೆ ತಟ್ಟುತ್ತಿದ್ದಳು: ಟಕ್, ಟಕಾಟಕ್, ಟಕ್. ಪಕ್ಕದ ಬಾಗಿಲಲ್ಲಿ ಒಬ್ಬ ಗಂಡಸು: ಟಕ್, ಟಕಾಟಕ್, ಟಕ್. ಒಳಗಿನ ಮಗ್ಗಗಳದ್ದೂ ಅದೇ ಸದ್ದು. ನನಗೆ ಅಲ್ಲಿಯೇ ಅರ್ಥವಾಯಿತು.

ಕಾಶವ್ವನ ಮೊಮ್ಮಗನ ಹೆಂಡತಿ ನಿಂಬೆವ್ವ ತುಂಬಿದ ಹೊಟ್ಟೆ ಹೊತ್ತು ಎದುರು ಬಂದಳು. ದವಾಖಾನೆಯಲ್ಲಿ ಬಸುರಿಯಾಗಿದ್ದ ಕಾಶವ್ವ ಇವಳೇ.

"ನಿಂಬೆವ್ವಾ, ನಿನಗ ನಿನ್ನದ ಆದ ಖಾತೆ ಇಲ್ಲೇನು?"

"ಐತ್ರಿ ಬಾಯಾರ. ಆದರ ಅದರೊಳಗ ಏನೂ ಇಲ್ರಿ. ನಂದು ಬಡಿದು ಒಳಗ ಹೋದ್ರ ಒಲಿಗೆ ರೊಟ್ಟಿ ಅಂದ್ರ ಏನಂತನ ಗೊತ್ತಿಲ್ಲ. ಕಾಶವ್ವ ಆಯಿದು ಬಡದ್ರ ಎಲ್ಲಾ ತಯಾರ ಇರತೈತಿ."

"ಎಲ್ಲಾರೂ ಹಿಂಗನ?"

"ಇಲ್ಲೆ ಮದುವ್ಯಾಗಿ ಬಂದ ದಿನ ನನಗ ಮೊದಲು ಕಲಿಸಿದ್ದ ಇದು, ಬಾಯಾರ."

ತೇಲೂರಿನ ಮೊದಲ ದಿನ ಈ ಸಾಲಿನಲ್ಲಿ ಮೊಟ್ಟಮೊದಲು ಖಾತೆ ಮಾಡಿಕೊಟ್ಟಿದ್ದು ಕಾಶವ್ವನಿಗೆ. ಮಾಡಿಕೊಟ್ಟವಳು ನಾನೇ. ಮಗ್ಗದ ಲಯವನ್ನೇ ಆಕೆ ಬಡಿತವಾಗಿ ಕೊಟ್ಟಳು. ಉಳಿದವರು ತಮ್ಮ ತಮ್ಮ ಬಡಿತವನ್ನು ವಾರದೊಳಗೆ ಮರೆತರು. ಮಗ್ಗದ ಲಯವನ್ನು ಮರೆಯುವ ನೇಕಾರ ಯಾರಿದ್ದಾನೆ? ಒಳ್ಳೆಯ ಒಲೆಯಿರುವ ಮನೆಗೆ ನೆರೆಯವರು ಕೆಂಡ ಕೇಳಲು ಹೋಗುವ ಹಾಗೆ ಇಡೀ ಸಾಲು ಕಾಶವ್ವನ ಖಾತೆಗೆ ಹೋಗಿ ಕುಳಿತಿತ್ತು. ಇಪ್ಪತ್ತೆರಡು ವರ್ಷ ಯಾರೂ ಅದನ್ನು ತಪ್ಪು ಎಂದುಕೊಂಡಿರಲಿಲ್ಲ. ತಪಾಸಣೆ ಮಾಡಬೇಕಾದ ನಾನೂ ಮಾಡಿರಲಿಲ್ಲ.

ಕಾಶವ್ವ ಮಗ್ಗದ ಮೇಲಿದ್ದಳು. ಹಸಿರು ಸೀರೆ, ಮುಕ್ಕಾಲು ಮುಗಿದಿತ್ತು. ಭಾನುವಾರ ನಿಂಬೆವ್ವನಿಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ದಿನಕ್ಕೆ ತನ್ನ ಕೈಯಿಂದಲೇ ನೇಯ್ದ ಸೀರೆ ಆಗಬೇಕೆಂಬುದು ಮುದುಕಿಯ ಹಟ. ನಾನು ಶುಕ್ರವಾರದ ವಿಷಯ ಹೇಳಿದೆ. ಆಕೆ ಲಾಳಿ ನಿಲ್ಲಿಸಿದಳು. ಮಗ್ಗದಿಂದ ಕೈ ತೆಗೆದ ಕೂಡಲೇ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಆದರೂ ಸೆರಗು ಅಲ್ಲಾಡುವುದು ನನಗೆ ಕಾಣಿಸಿತು.

"ಮೂರು ವರ್ಷ ಆತು ಬಾಯಾರ. ಒಂದು ವಾಟಗಾ ಚಾ ಹಿಡಿಯಾಕ ಬರೂದಿಲ್ಲ ಈ ಕೈಗೆ. ಆದರ ಮಗ್ಗದ ಮ್ಯಾಲ ನಡಗೂದಿಲ್ಲ."

"ಅದ್ಹ್ಯಾಂಗ?"

"ಮಗ್ಗಕ್ಕ ನನ್ನ ಹಳೇ ಕೈ ನೆನಪೈತಿ. ನಾ ನಡಗಿದಷ್ಟು ಅದು ಕಳೀತೈತಿ. ಅದು ಮರತ್ರ ನಾ ಮಗ್ಗಕ್ಕ ಕೂಡ್ರೂದು ಮುಗೀತು."

ನಡುಕಕ್ಕೆ ಮೊದಲಿನ ಹತ್ತೊಂಬತ್ತು ವರ್ಷಗಳ ಆಕೆಯ ಗಟ್ಟಿ ಕೈ ಪ್ರೊಫೈಲ್‌ನಲ್ಲಿತ್ತು. ಶುಕ್ರವಾರ ಹನ್ನೆರಡಕ್ಕೆ ದಫೇದಾರ ಅಳಿಸಲಿದ್ದುದು ಅದನ್ನು.

ಸಂಜೆ ಮನೆಗೆ ಬಂದಾಗ ನನ್ನ ಗಂಡ ಚನಬಸಪ್ಪ ಬಾಯಿ ಒರೆಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ದೋಣಿ ಓಡಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಇರುವುದರಿಂದ ವೈದ್ಯರು ಅವರನ್ನು ಪಥ್ಯದ ಗುಂಪಿಗೆ ಸೇರಿಸಿದ್ದಾರೆ. ಆ ಗುಂಪಿನವರು ತಟ್ಟಿದರೆ ಒಲೆ ಎಣ್ಣೆ ಕಾಯಿಸುವುದಿಲ್ಲ.

"ರೀ, ನನ್ನ ಬಡಿತ ಬಡಿದು ಭಜಿ ಕರಿದ್ರೇನು?"

"ಮತ್ತ ಏನ ಮಾಡ್ಲಿ? ನಂದು ಬಡದ್ರ ಒಲಿ ಬರೀ ಗಂಜಿ ಮಾಡತೈತಿ." ಸ್ವಲ್ಪವೂ ನಾಚಿಕೆಯಿಲ್ಲದೆ ಹೇಳಿದರು. "ಈ ಗುಂಪು ಅಂಬೂದು ಭಾಳ ಕೆಟ್ಟದ್ದು ಸರೋಜಾ. ಮನ್ಯಾಗ ಇದ್ರೂ ಬಿಡೂದಿಲ್ಲ, ಅಂಗಡ್ಯಾಗ ಇದ್ರೂ ಬಿಡೂದಿಲ್ಲ. ಊರಾಗಿನ ಎಲ್ಲಾ ಒಲಿ ಮುಂದ ಒಮ್ಮೆಲೆ ಬಂದು ನಿಂತಿರತೈತಿ."

ಬೈಯಬೇಕೆಂದಿದ್ದವಳಿಗೆ ತಟ್ಟನೆ ಹೊಳೆಯಿತು. ನಿಜ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಹದಿನಾಲ್ಕು ಕಡೆ ಇರುವಂತಿಲ್ಲ, ಆದರೆ ಗುಂಪು ಇರಬಹುದು. ಹದಿನಾಲ್ಕು ಮಗ್ಗ ನೇಯುವ, ಮೂವತ್ತೊಂದು ಸಲ ಮೀಯುವ ಕಾಶವ್ವ ವ್ಯಕ್ತಿ ಅಲ್ಲವೇ ಅಲ್ಲ, ಅದು ಗುಂಪು. ಹಾಗೆಂದು ಬರೆದುಬಿಟ್ಟರೆ ದಫೇದಾರನಿಗೂ ದೂರು ಇರುವುದಿಲ್ಲ. ಸಂತೋಷಕ್ಕೆ ಉಳಿದಿದ್ದ ಒಂದು ಭಜಿಯನ್ನು ನಾನೇ ತಿಂದೆ.

ಬುಧವಾರ ಬೆಳಿಗ್ಗೆ ಕೂತು ಚಕಚಕನೆ ಕೆಲಸ ಮುಗಿಸಿದೆ. ಕಾಶವ್ವ ಎಂಬ ವ್ಯಕ್ತಿಯ ಖಾತೆಯನ್ನು ಅಳಿಸಿದೆ. ಅದೇ ಹೆಸರಿನ ಗುಂಪು ಮಾಡಿದೆ. ಮೂವತ್ತೆಂಟು ಹೊಸ ಖಾತೆ ತೆರೆದು, ಒಂದೊಂದಕ್ಕೂ ತಾತ್ಕಾಲಿಕವಾಗಿ ಬೇರೆ ಬೇರೆ ಬಿಡುವಿನ ಎರಡು ತಟ್ಟಿನ ಬಡಿತ ಕೊಟ್ಟು ಗುಂಪಿಗೆ ಸೇರಿಸಿದೆ. ಅವುಗಳಲ್ಲಿ ಕಾಶವ್ವನದೂ ಒಂದು: ಅದೇ ಹೆಸರು, ಅದೇ ಊರು, ಅದೇ ಫೋಟೋ. ಮಗ್ಗದ ಸಾಲಿಗೆ ಹೋಗಿ ಮದುವೆ ಮಾಡಿಸಿದ ಹಿರಿಯಳಂತೆ ನಿಂತೆ.

"ಬಡೀರಿ ಕಾಶವ್ವ."

ನಿಂಬೆವ್ವ ಮುಂದೆ ಬಂದು ತಾನೇ ಮಗ್ಗದ ಹಲಗೆ ತಟ್ಟಿದಳು. ಹಿರಿಯರಿಗೆ ತ್ರಾಸು ಬೇಡವೆಂದು ತಟ್ಟಿರಬೇಕೆಂದುಕೊಂಡು ನಾನು ಸುಮ್ಮನಿದ್ದೆ. ಮಗ್ಗ ತೆರೆದುಕೊಂಡಿತು. ಕಾಶವ್ವ ಲಾಳಿ ಎಸೆದಳು. ಕೈ ನಡುಗಿತು, ಮಗ್ಗವೂ ಅದರೊಂದಿಗೆ ನಡುಗಿತು. ಲಾಳಿ ಓರೆಯಾಗಿ ಹೋಗಿ ಏಳೆಂಟು ಹಸಿರು ಎಳೆ ಫಟ್ಟನೆ ಕಿತ್ತುಹೋದವು.

ಕಾಶವ್ವ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಕಿತ್ತ ಎಳೆಗಳನ್ನು ನೋಡುತ್ತ ಕುಳಿತಳು. ನನಗೆ ನಾಚಿಕೆಯಿಂದ ನೀರಿಗೆ ಹಾರಿಬಿಡೋಣ ಅನ್ನಿಸಿತು.

ತರಬೇತಿಯ ಮೊದಲ ವಾರದಲ್ಲೇ ಕಲಿಸುವ ಪಾಠ ಅದು. ಹೆಸರು ಇರುವುದು ನಾವು ಓದಿಕೊಳ್ಳುವುದಕ್ಕೆ. ಖಾತೆ ಹುಟ್ಟುವಾಗ ಅದರೊಳಗೆ ಒಂದು ಸಂಖ್ಯೆ ಕೂರುತ್ತದೆ, ಯಂತ್ರಗಳು ನೋಡುವುದು ಅದನ್ನು. ಅಳಿಸಿ ಅದೇ ಹೆಸರಲ್ಲಿ ಮತ್ತೆ ಮಾಡಿದರೆ ಸಂಖ್ಯೆ ಬೇರೆ. ಮಗ್ಗದ ಪಾಲಿಗೆ ಈ ಕಾಶವ್ವ ಇವತ್ತು ಬೆಳಿಗ್ಗೆ ಹುಟ್ಟಿದ ಕೂಸು, ಕೈ ನೆನಪಿರುವುದಾದರೂ ಹೇಗೆ? ಅಳಿಸಿದ್ದು ಒಂದಷ್ಟು ದಿನ ಜಾಲದ ತಿಪ್ಪೆಯಲ್ಲಿ ಬಿದ್ದಿರುತ್ತದೆ, ಪುಣ್ಯ. ಓಡಿಹೋಗಿ, ಗುಂಪನ್ನು ಹಾಗೇ ಬಿಟ್ಟು, ಹೊಸ ಖಾತೆಗಳನ್ನೆಲ್ಲ ತೆಗೆದುಹಾಕಿ ಹಳೆಯದನ್ನು ಅಲ್ಲಿಂದ ಎತ್ತಿ ತಂದೆ. ಹಳೆಯ ಕಾಶವ್ವ ಹಿಂದಿರುಗಿದಳು, ಅವಳ ಜೊತೆ ಶುಕ್ರವಾರ ಹನ್ನೆರಡರ ಗಡುವೂ ಹಿಂದಿರುಗಿತು.

ಗುರುವಾರ ಕ್ಷಮೆ ಕೇಳಲು ಹೋದೆ. ಕಾಶವ್ವ ಕಿತ್ತ ಎಳೆಗಳನ್ನು ಗಂಟು ಹಾಕಿಸಿ ಸೆರಗಿನ ಕೆಲಸಕ್ಕೆ ಬಂದಿದ್ದಳು. ಇಳಕಲ್ ಸೀರೆಯಲ್ಲಿ ಹಾಸು ಎಂಬ ಉದ್ದನೆಯ ಎಳೆಗಳು ಮೈಗೆ ಬೇರೆ, ಕೆಂಪು ಸೆರಗಿಗೆ ಬೇರೆ. ನಿಂಬೆವ್ವ ಒಂದೊಂದೇ ಕೆಂಪು ಎಳೆಯನ್ನು ಹಸಿರು ಎಳೆಗೆ ಕೊಂಡಿ ಹಾಕುತ್ತಿದ್ದಳು.

"ನೀವು ಮಾಡಿದ್ದು ಇಲ್ಲೇ ತಪ್ಪಿತು ಬಾಯಾರ" ಎಂದಳು ಕಾಶವ್ವ. "ಹಳೇ ಹಾಸು ಕೊಯ್ದು ಒಗದು, ಆಮ್ಯಾಲ ಹೊಸಾದು ತಂದ್ರಿ. ಹಂಗ ಮಾಡಿದ್ರ ಎರಡು ತುಂಡು ಆಗತಾವ, ಸೀರಿ ಆಗೂದಿಲ್ಲ. ಹಳೇ ಎಳಿ ಇನ್ನೂ ಮಗ್ಗದ ಮ್ಯಾಲ ಬಿಗಿಯಾಗಿ ಇರಬೇಕಾದ್ರನ ಹೊಸಾದನ್ನ ಅದಕ್ಕ ಕೊಂಡಿ ಹಾಕಬೇಕು. ಒಂದೂ ಎಳಿ ಬಿಡಬಾರದು."

ನಾನು ಅಲ್ಲೇ ಕುಳಿತು ಕೆಲಹೊತ್ತು ಆ ಕೊಂಡಿಗಳನ್ನೇ ನೋಡಿದೆ. ಡೊಮೈನ್‌ನಲ್ಲೂ ಅಂಥದೊಂದು ಅವಕಾಶ ಇದೆ. ಹೊಸ ಖಾತೆಯ ಬಾಲಕ್ಕೆ ಹಳೆಯ ಖಾತೆಯ ಸಂಖ್ಯೆಯನ್ನು ಕಟ್ಟಬಹುದು. ಯಂತ್ರ ಮೊದಲು ಹೊಸ ಸಂಖ್ಯೆ ನೋಡುತ್ತದೆ, ಗುರುತು ಸಿಗದಿದ್ದರೆ ಬಾಲದಲ್ಲಿರುವುದನ್ನು ನೋಡಿ ಓ ಇವಳಾ ಎಂದು ಹಳೆಯದನ್ನೆಲ್ಲ ಕೊಡುತ್ತದೆ. ಆದರೆ ಹಳೆಯ ಖಾತೆ ಜೀವಂತ ಇರುವಾಗಲೇ ಅದನ್ನು ಕಟ್ಟಬೇಕು. ಮತ್ತು ಪ್ರತಿಯೊಬ್ಬರೂ ಸ್ವತಃ ಬಂದು, ತಮ್ಮದೇ ಹೊಸ ಬಡಿತವನ್ನು ಮೂರು ಸಲ ಒಂದೇ ಸಮನೆ ತಟ್ಟಿ ತೋರಿಸಬೇಕು. ಈ ಸಲ ತಾತ್ಕಾಲಿಕದ ಆಟ ನಡೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸಾಲಿನ ನಡುವೆ ಮೇಜು ಹಾಕಿ ಹಲಗೆ ಇಟ್ಟೆ. ನಿಂಬೆವ್ವ ಹಳೆಯ ಬಡಿತ ಬಡಿದು ಕಾಶವ್ವನ ಖಾತೆಯನ್ನು ತೆರೆದಿಟ್ಟಳು. ದಫೇದಾರ ಸ್ಪೀಕರಿನಲ್ಲಿ ಸಾಕ್ಷಿಗಿದ್ದ. ಮೊದಲು ಬಂದವಳು ಆತ್ಮವಿಶ್ವಾಸದಿಂದ ತಟ್ಟಿದಳು: ಟಕ್, ಟಕಾಟಕ್, ಟಕ್.

"ಇದು ಈಗಾಗಲೇ ಬಳಕೆಯಲ್ಲಿದೆ" ಎಂದ ದಫೇದಾರ.

ಎರಡನೆಯವನು, ಮೂರನೆಯವಳು, ಹತ್ತನೆಯವನು, ಎಲ್ಲರೂ ಅದನ್ನೇ ತಟ್ಟಿದರು. ತಮ್ಮದೇ ಬಡಿತ ಎಂದರೇನೆಂದು ಯಾರಿಗೂ ಹೊಳೆಯುತ್ತಿಲ್ಲ. ಕೊನೆಗೆ ನಾನು ಸಿಟ್ಟಿಗೆದ್ದು, ಮಗ್ಗ ಬಿಟ್ಟರೆ ನಿಮ್ಮ ಬಾಳಿನಲ್ಲಿ ಬೇರೆ ಸದ್ದೇ ಇಲ್ಲವೇ ಎಂದು ಕೇಳಿದೆ. ಆಮೇಲೆ ಶುರುವಾಯಿತು. ಒಬ್ಬಳು ರೊಟ್ಟಿ ಬಡಿಯುವ ಸದ್ದು ತಟ್ಟಿದಳು. ಅವಳ ಗಂಡ, ಅವಳು ಸಿಟ್ಟು ಬಂದಾಗ ಬಾಗಿಲು ಹಾಕಿಕೊಳ್ಳುವ ಸದ್ದು ತಟ್ಟಿದ. ಒಬ್ಬ ಡೊಳ್ಳಿನ ಪೆಟ್ಟು ಹಾಕಿ ಮೇಜಿನ ಕಾಲು ಅಲ್ಲಾಡಿಸಿದ. ಗಣಿತದಲ್ಲಿ ನಪಾಸಾದವನು ಐವತ್ತು ವರ್ಷದ ಸಂಗಪ್ಪ ಎಂದು ಅಂದೇ ತಿಳಿಯಿತು. ಅವನು ಮೂರು ಸಲವೂ ತಪ್ಪಿಲ್ಲದೆ ತಟ್ಟಿ, "ಇನ್ನ ನಪಾಸಾದ್ರೂ ನನ್ನ ಹೆಸರಿಲೇ ಆಗತೀನಿ" ಎಂದು ಎದೆಯುಬ್ಬಿಸಿ ನಡೆದ. ಮೂವತ್ತೆಂಟು ಜನರಲ್ಲಿ ಸೋಮವಾರ ಸ್ನಾನ ಮಾಡದ ಏಳು ಮಂದಿ ಯಾರೆಂದು ನಾನು ವಿಚಾರಿಸಲಿಲ್ಲ.

ಹನ್ನೊಂದೂವರೆಗೆ ಮೂವತ್ತೇಳು ಮುಗಿಯಿತು. ಕಾಶವ್ವ ಬಂದಿರಲಿಲ್ಲ. ಒಳಗೆ ಹೋದರೆ ಗೋಡೆಗೆ ಮುಖ ಮಾಡಿ ಕುಳಿತಿದ್ದಾಳೆ.

"ಯಾಕ್ರಿ ಕಾಶವ್ವ, ಹೊತ್ತಾತು."

ನಿಂಬೆವ್ವ ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಕಣ್ಣು ತುಂಬಿತ್ತು.

"ಬಾಯಾರ, ಆಯಿಗೆ ಬಡಿಯಾಕ ಬರೂದಿಲ್ರಿ. ಮೂರು ವರ್ಷದಿಂದ ಎಲ್ಲಾ ಬಾಗಲಾ ನಾವ ಬಡಕೊಡತೀವಿ. ಈ ಸಾಲಿನ್ಯಾಗ ಕಾಶವ್ವನ ಖಾತೆ ತೆರಿಯಾಕ ಬರಲಾರದಾಕಿ ಅಂದ್ರ ಆಯಿ ಒಬ್ಬಾಕಿನ."

ಬುಧವಾರ ಅವಳು ಮುಂದೆ ಬಂದು ತಟ್ಟಿದ್ದು ಏಕೆಂದು ಈಗ ತಿಳಿಯಿತು. ಇಡೀ ಸಾಲು ಒಂದು ಬಡಿತವನ್ನು ಬಿಡದೆ ಹಿಡಿದಿದ್ದಕ್ಕೆ ಒಲೆಯ ಜೊತೆಗೆ ಈ ಕಾರಣವೂ ಸೇರಿಕೊಂಡಿತ್ತು. ಮುದುಕಿ ಬಾಗಿಲ ಮುಂದೆ ಬಂದು ನಿಂತರೆ ಸಾಕು, ಯಾರಾದರೂ ಮಾತಿಲ್ಲದೆ ತಟ್ಟಿ ತೆರೆಯುತ್ತಿದ್ದರು. ಇದನ್ನು ಕಳುವು ಎಂದು ದಫೇದಾರ ಬರೆದ ಕಡತಕ್ಕೆ ಮಂಗಳವಾರ ನಾನೇ ಸಹಿ ಹಾಕಿದ್ದೆ.

"ಬರ್ರಿ. ಒಮ್ಮೆ ನೋಡೂನು" ಎಂದು ಕಾಶವ್ವನನ್ನು ಕೈಹಿಡಿದು ಕರೆತಂದೆ. ಎಲ್ಲರೂ ಸುತ್ತ ನಿಂತರು. ಆಕೆ ಸೆರಗಿನಿಂದ ಬಲಗೈ ತೆಗೆದು ಹಲಗೆಯ ಮೇಲೆ ತಟ್ಟಿದಳು. ಒಂದು ಪೆಟ್ಟು ಹಲಗೆಗೆ ಬಿತ್ತು, ಒಂದು ಮೇಜಿಗೆ.

"ಹೊಂದಾಣಿಕೆಯಾಗಿಲ್ಲ" ಎಂದ ದಫೇದಾರ.

ಇನ್ನೊಮ್ಮೆ. ಮತ್ತೊಮ್ಮೆ. ಪ್ರತಿ ಸಲವೂ ಬೇರೆ ಬೇರೆ. ಹನ್ನೆರಡಕ್ಕೆ ಹದಿನಾಲ್ಕು ನಿಮಿಷ ಇತ್ತು.

"ಬಿಡ್ರಿ ಬಾಯಾರ" ಎಂದಳು ಕಾಶವ್ವ. "ಇಷ್ಟು ವರ್ಷ ನೇಯ್ದೀನಿ. ಸಾಕು. ಸೆರಗು ನಿಂಬೆವ್ವ ಮುಗಸತಾಳ." ಹೇಳಿ, ದಣಿದ ಕೈಯನ್ನು ಹಲಗೆಯ ಮೇಲೆ ಸುಮ್ಮನೆ ಇಟ್ಟಳು.

ಸುಮ್ಮನಿಟ್ಟ ಕೈ ತಾನಾಗಿ ನಡುಗುತ್ತಿತ್ತು. ಬೆರಳ ತುದಿಗಳು ಹಲಗೆಗೆ ತಾಗುತ್ತಿದ್ದವು, ಮೆಲ್ಲಗೆ, ಬಿಡದೆ. ಸದ್ದು ಎಷ್ಟು ಸಣ್ಣದೆಂದರೆ ಎಲ್ಲರೂ ಉಸಿರು ಹಿಡಿದಿದ್ದರಿಂದಷ್ಟೇ ಕೇಳಿಸಿತು. ಬೇಕೆಂದು ತಟ್ಟಿದರೆ ತಪ್ಪುವ ಕೈ, ಬಿಟ್ಟರೆ ಸೆಕೆಂಡಿಗೆ ಐದು ಸಲ, ಹೆಚ್ಚಿಲ್ಲ ಕಡಿಮೆಯಿಲ್ಲ, ಒಂದೇ ಲೆಕ್ಕದಲ್ಲಿ ನಡುಗುತ್ತಿತ್ತು.

"ಕಾಶವ್ವ, ಕೈ ತೆಗೀಬ್ಯಾಡ್ರಿ" ಎಂದೆ.

"ಮೊದಲ ಬಡಿತ ದಾಖಲಾಯಿತು" ಎಂದ ದಫೇದಾರ.

ಆಕೆ ಗಾಬರಿಯಿಂದ ನನ್ನ ಮುಖ ನೋಡಿದಳು. ಕೈ ಎತ್ತಿ ಮತ್ತೆ ಇಡಿ, ಏನೂ ಮಾಡಬೇಡಿ ಎಂದೆ. ಇಟ್ಟಳು.

"ಎರಡನೆಯದು ಹೊಂದಿತು."

ಇನ್ನೊಮ್ಮೆ ಇಟ್ಟಳು. ಈ ಸಲ ದಫೇದಾರ ತಡಮಾಡಿದ. ಯಾವತ್ತೂ ತಡಮಾಡದವನು. ಆ ಮೂರು ಸೆಕೆಂಡಿನಲ್ಲಿ ನಾನು ನೆನೆಯದ ದೇವರಿಲ್ಲ.

"ಮೂರನೆಯದು ಹೊಂದಿತು. ಈ ಬಡಿತ ಬೇರೆ ಯಾರ ಬಳಕೆಯಲ್ಲೂ ಇಲ್ಲ. ಕಾಶವ್ವ ಗುಳೇದ, ಕಾಶವ್ವ ಗುಂಪಿಗೆ ಸ್ವಾಗತ."

ನಿಂಬೆವ್ವ ಅತ್ತಳು, ಸಂಗಪ್ಪನೂ ಅತ್ತ, ನಾನು ಅಳುತ್ತಲೇ, ಉಳಿದವರಿಗೆ ಮಾಡಿದಂತೆ, ಆಕೆಯ ಹೊಸ ಖಾತೆಗೂ ಹಳೆಯ ಸಂಖ್ಯೆಯನ್ನು ಕೊಂಡಿ ಹಾಕಿದೆ. ಹನ್ನೆರಡು ಹೊಡೆಯಿತು. ದಫೇದಾರ ತನ್ನ ಗಡುವಿನಂತೆ ಹಳೆಯ ಖಾತೆಯನ್ನು ಮುಚ್ಚಿದ. ಕಾಶವ್ವ ಮಗ್ಗದ ಬಳಿ ಹೋಗಿ ಅದರ ಹಲಗೆಯ ಮೇಲೆ ಕೈ ಇಟ್ಟಳು. ಮಗ್ಗ ಒಂದು ಕ್ಷಣ ಸುಮ್ಮನಿದ್ದು ತೆರೆದುಕೊಂಡಿತು. ಆಕೆ ಲಾಳಿ ಎಸೆದಳು. ಲಾಳಿ ನೆಟ್ಟಗೆ ಆಚೆ ಬದಿಗೆ ಹೋಯಿತು.

ಭಾನುವಾರ ಕುಬಸಕ್ಕೆ ನಾವು ಗಂಡ ಹೆಂಡತಿ ಇಬ್ಬರೂ ಹೋದೆವು. ನಿಂಬೆವ್ವ ಕೆಂಪು ಸೆರಗಿನ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಚನಬಸಪ್ಪನವರು ಮಾತ್ರ ಕಾಶವ್ವ ಗುಂಪಿಗೆ ತಮ್ಮನ್ನೂ ಸೇರಿಸಬೇಕೆಂದು ದಾರಿಯುದ್ದಕ್ಕೂ ಅರ್ಜಿ ಹಾಕಿದರು. ಆ ಗುಂಪಿನ ಒಲೆ ಎಣ್ಣೆಗೆ ಹೇಸುವುದಿಲ್ಲವಂತೆ. ಪಥ್ಯದ ಗುಂಪಿನಲ್ಲಿರುವ ತನಕ ಯಾವ ಗುಂಪಿಗೆ ಸೇರಿದರೂ ಒಲೆ ಅವರಿಗೆ ಗಂಜಿಯನ್ನೇ ಕಾಯಿಸುತ್ತದೆ, ಜಾಲದಲ್ಲಿ ಬೇಡ ಎಂಬ ಮಾತು ಯಾವಾಗಲೂ ಕೊಡು ಎಂಬ ಮಾತಿಗಿಂತ ಮೇಲು ಎಂದು ನಾನು ವಿವರಿಸಿದೆ. ಅವರು ಮುಖ ಊದಿಸಿಕೊಂಡರು.

ಊಟದ ಹೊತ್ತಿಗೆ ನೋಡುತ್ತೇನೆ, ಸಂಗಪ್ಪ ನೀರಿನ ಕೋಣೆಯ ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಾನೆ. ಅದು ಪಕ್ಕದ ಮನೆಯವಳ ಬಡಿತ. ಆ ಪಕ್ಕದ ಮನೆಯವಳು ಡೊಳ್ಳು ಬಡಿದು ಇನ್ನೊಂದು ಬಾಗಿಲು ತೆರೆದಳು. ಎರಡೇ ದಿನದಲ್ಲಿ ಎಲ್ಲರೂ ಎಲ್ಲರ ಬಡಿತವನ್ನೂ ಕಲಿತು ಕುಳಿತಿದ್ದರು. ನಾಳೆ ಬೆಳಿಗ್ಗೆ ದಫೇದಾರ ಏನೇನು ಹೇಳಲಿದ್ದಾನೆಂದು ಯೋಚಿಸಿ ನಾನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ.

"ನಂದೊಂದು ಬಿಟ್ಟು ಎಲ್ಲಾ ಬಡಿತಾ ಕಲತಾರ" ಎಂದಳು ಪಕ್ಕದಲ್ಲಿ ಕುಳಿತ ಕಾಶವ್ವ. ಆಕೆಯ ಬಲಗೈ ಸೆರಗಿನ ಹೊರಗೆ, ಎಲ್ಲರಿಗೂ ಕಾಣುವಂತೆ ತೊಡೆಯ ಮೇಲಿತ್ತು. "ಮುಂಜಾನಿಂದ ಎಲ್ಲಾರೂ ಕೈ ನಡಗಿಸಿ ನಡಗಿಸಿ ನೋಡಾಕತ್ತಾರ ಬಾಯಾರ. ಒಬ್ಬರಿಗೂ ಬರವಲ್ದು."

ಹೇಳಿ ಎದ್ದು, ಮುಚ್ಚಿದ ಬಾಗಿಲಿಗೆ ತಾನೇ ನಡೆದುಹೋಗಿ, ಕೈ ಇಟ್ಟು ತೆರೆದಳು.